ನಂದಿ ಬೆಟ್ಟದಲ್ಲಿ ಬೈನಾಕ್ಯುಲರ್ ಪೂರ್ತಿ ಮಬ್ಬು. ಒಳಗೆ ನೀರು ಹೋಗಿದೆಯಾ?

ಚಿಕ್ಕಬಳ್ಳಾಪುರದ ಹಕ್ಕಿಪ್ರಿಯ:
ಎಲ್ಲರಿಗೂ ನಮಸ್ಕಾರ. ನನ್ನದು 8×42 ಬೈನಾಕ್ಯುಲರ್. ಮಳೆಗಾಲದ ಬೆಳಿಗ್ಗೆ ನಂದಿ ಬೆಟ್ಟದ ಮೇಲೆ ಕಾರಿನಿಂದ ಇಳಿದ ಕೂಡಲೇ ಗಾಜು ಮಬ್ಬಾಗುತ್ತದೆ. ದಾರಿಯುದ್ದಕ್ಕೂ ಎಸಿ ಹಾಕಿರುತ್ತೇವೆ. ನೀಲಗಿರಿ ಕಾಡುಪಾರಿವಾಳ ಎದುರಿಗೇ ಕೂತಿದ್ದರೂ ಕಾಣಲಿಲ್ಲ. ಅಂಗಿ ತುದಿಯಲ್ಲಿ ಒರೆಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಮನೆಯಲ್ಲಿ ಅಕ್ಕಿ ಡಬ್ಬಿಯೊಳಗೆ ಇಡು ಅನ್ನುತ್ತಾರೆ. ಇಡಬಹುದಾ?

ಮಧುಗಿರಿ ಮೇಷ್ಟ್ರು:
ಒರೆಸಿದರೆ ಹೋಗುತ್ತಿದೆ ಅಂದರೆ ಮಬ್ಬು ಹೊರಗಿನದು. ಗಾಬರಿ ಬೇಡ. ಎಸಿಗೆ ತಣ್ಣಗಾದ ಗಾಜಿಗೆ ಹೊರಗಿನ ತೇವದ ಗಾಳಿ ತಗುಲಿ ಹನಿ ಕಟ್ಟುತ್ತದೆ, ಅಷ್ಟೇ. ಬೆಟ್ಟ ಹತ್ತುವಾಗಲೇ ಎಸಿ ಆರಿಸಿ ಕಿಟಕಿ ಇಳಿಸಿ. ಮೇಲೆ ಹೋದ ಮೇಲೂ ಸ್ವಲ್ಪ ಹೊತ್ತು ಬ್ಯಾಗಿನ ಜಿಪ್ ತೆಗೆಯಬೇಡಿ. ಕಣ್ಣಿನ ಕಡೆಯ ಗಾಜು ಮಾತ್ರ ಮಬ್ಬಾದರೆ ಅದು ನಿಮ್ಮ ಉಸಿರು. ಮಾಸ್ಕ್ ಇದ್ದರೆ ಇಳಿಸಿ.

ನನಗೆ ಸಂಕಟ ಆಗಿದ್ದು ಆ ಅಂಗಿ ತುದಿ ನೋಡಿ. ದಯವಿಟ್ಟು ಇವತ್ತೇ ಬಿಡಿ. ನಾನು ಜಾಸ್ತಿ ಹೋಗುವುದು ಮೈದನಹಳ್ಳಿಯ ಕೃಷ್ಣಮೃಗಗಳನ್ನು ನೋಡಲು. ಬಟಾಬಯಲು ಹುಲ್ಲುಗಾವಲು. ಮಳೆಗೆ ಮುಂಚೆ ಗಾಳಿ ಎದ್ದು ಗಾಜಿನ ಮೇಲೆಲ್ಲ ದೂಳು, ಅದರ ಮೇಲೆ ನಾಲ್ಕು ಹನಿ. ಆಗ ಬಟ್ಟೆಯಿಂದ ಉಜ್ಜಿದರೆ ಮರಳುಕಾಗದ ಹಾಕಿ ತಿಕ್ಕಿದ ಹಾಗೆ. ಗಾಜಿನ ಲೇಪನಕ್ಕೆ ಗೀರು ಬಿದ್ದರೆ ಮತ್ತೆ ಸರಿಯಾಗುವುದಿಲ್ಲ. ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ. ಬಾಯಿಂದ ಬೇಡ, ಎಂಜಲು ಬೀಳುತ್ತದೆ. ಆಮೇಲೆ ಮೆತ್ತನೆಯ ಬ್ರಷ್. ಮೈಕ್ರೋಫೈಬರ್ ಬಟ್ಟೆ ಕಟ್ಟಕಡೆಗೆ, ಅದೂ ಲೆನ್ಸ್ ದ್ರವ ತಾಗಿಸಿ, ಹಗುರವಾಗಿ.

ಮಳೆ ಬರುವಾಗ ಕತ್ತಿನಲ್ಲಿ ತೂಗುವ ಬೈನಾಕ್ಯುಲರಿನ ಮೇಲ್ಮುಖದ ಗಾಜಿಗೇ ನೀರು ಬೀಳುವುದು. ಅದಕ್ಕೆಂದೇ ಪಟ್ಟಿಗೆ ಪೋಣಿಸುವ ರಬ್ಬರ್ ಮುಚ್ಚಳ ಬರುತ್ತದೆ. ನಿಮ್ಮದು ಪೆಟ್ಟಿಗೆಯಲ್ಲೇ ಉಳಿದಿರಬೇಕು, ಹುಡುಕಿ.

ತುಮಕೂರಿನ ಲೆನ್ಸ್ ರಿಪೇರಿಯವ:
ಮೇಷ್ಟ್ರು ಹೇಳಿದ್ದು ಸರಿ. ಅಕ್ಕಿ ಬೇಡವೇ ಬೇಡ. ಅದರ ಹಿಟ್ಟಿನ ದೂಳು ಫೋಕಸ್ ಚಕ್ರದ ಸಂದಿಗೆ ಹೋಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಸಾಕು. ಜೆಲ್ಲಿನ ಬಣ್ಣ ಬದಲಾದರೆ ಹೊಸದು ಹಾಕಿ. ಒದ್ದೆ ಬೈನಾಕ್ಯುಲರನ್ನು ಮಾತ್ರ ಹಾಗೇ ಮುಚ್ಚಿಡಬೇಡಿ. ಫ್ಯಾನ್ ಕೆಳಗೆ ರಾತ್ರಿಯಿಡೀ ಆರಲಿ. ಚರ್ಮದ ಚೀಲ ತೇವ ಹಿಡಿದುಕೊಳ್ಳುತ್ತದೆ, ಅದರಲ್ಲಿಟ್ಟ ಗಾಜಿಗೆ ಫಂಗಸ್ ಬೇಗ ಬರುತ್ತದೆ.

ಒರೆಸಿದರೂ ಹೋಗದ ಮಬ್ಬು ಬೇರೆ ಕಾಯಿಲೆ. ಒಳ್ಳೆಯ ಬೈನಾಕ್ಯುಲರ್, ಬಂದೂಕಿನ ಸ್ಕೋಪ್ ಎರಡಕ್ಕೂ ಒಳಗೆ ನೈಟ್ರೋಜನ್ ತುಂಬಿ ರಬ್ಬರ್ ಉಂಗುರದಿಂದ ಬಿಗಿ ಮಾಡಿರುತ್ತಾರೆ. ಒಳಗೇ ಹನಿ ಕಟ್ಟಿದರೆ ಆ ಬಿಗಿ ಹೋಗಿದೆ ಅಂತ ಅರ್ಥ. ಸ್ಕ್ರೂಡ್ರೈವರ್ ಹಿಡಿಯಬೇಡಿ, ಒಳಗಿನ ಪ್ರಿಸಂ ಅಲುಗಿದರೆ ಒಂದು ಹಕ್ಕಿ ಎರಡಾಗಿ ಕಾಣುತ್ತದೆ. ವಾರಂಟಿ ಇದ್ದರೆ ಕಂಪನಿಗೇ ಕಳಿಸಿ.

ಚಿಕ್ಕಬಳ್ಳಾಪುರದ ಹಕ್ಕಿಪ್ರಿಯ:
ತುಂಬಾ ಥ್ಯಾಂಕ್ಸ್ ಮೇಷ್ಟ್ರೇ, ಅಣ್ಣಾ. ಮುಚ್ಚಳ ಪೆಟ್ಟಿಗೆಯಲ್ಲೇ ಇತ್ತು. ರಬ್ಬರ್ ಬಲ್ಬ್ ಇಲ್ಲಿ ಕ್ಯಾಮೆರಾ ಅಂಗಡಿಯಲ್ಲಿ ಸಿಗುತ್ತದಾ, ತುಮಕೂರಿಗೇ ಬರಬೇಕಾ?