ಸೈಟಿನ ನೀರು ಗಟಾರಕ್ಕೆ ಬಿಡುವ ಮುಂಚೆ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕಟ್ಟುವವರ ಗುಂಪಿಗೆ ಇವತ್ತು ಒಬ್ಬ ಪರಿಸರ ಎಂಜಿನಿಯರ್ ಬಂದಿದ್ದಾರೆ. ಬುನಾದಿ ಗುಂಡಿಯ ನೀರು, ಕಾಂಕ್ರೀಟ್ ತೊಳೆದ ನೀರು, ಏನಿದ್ದರೂ ಕೇಳಿ. ದಯವಿಟ್ಟು ಗುಡ್ ಮಾರ್ನಿಂಗ್ ಹೂವು ಕಳಿಸಬೇಡಿ.

ಕೇಶ್ವಾಪುರ: ನಮಸ್ಕಾರ ಸರ್. ನಿನ್ನೆ ಸ್ಲ್ಯಾಬ್ ಆಯಿತು. ರೆಡಿಮಿಕ್ಸ್ ಗಾಡಿಯವನು ನಮ್ಮ ಗೇಟಿನ ಮುಂದೆಯೇ ತೊಳೆದ. ಮುಂದಿನ ಸಲ ಆ ನೀರನ್ನು ಗಟಾರಕ್ಕೆ ಬಿಡಿಸಬಹುದಾ?

ಎಂಜಿನಿಯರ್: ನಮಸ್ಕಾರ. ಬಿಡಬೇಡಿ. ಸಿಮೆಂಟ್ ತೊಳೆದ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ (7 ಅಂದರೆ ಎರಡೂ ಅಲ್ಲ), 12ರ ಆಸುಪಾಸು ಇರುತ್ತದೆ. ಹೊರಗೆ ಬಿಡುವ ನೀರಿಗೆ ನಿಯಮ ಹೇಳುವುದು 5.5ರಿಂದ 9. ಮೂರೇ ಅಂಕಿ ಹೆಚ್ಚು ಅಲ್ವಾ ಅನ್ನಬೇಡಿ. ಒಂದೊಂದು ಅಂಕಿಗೆ ಹತ್ತು ಪಟ್ಟು, ಅಂದರೆ ಕ್ಷಾರ ಸಾವಿರ ಪಟ್ಟು ಜಾಸ್ತಿ. ಮೂಲೆಯಲ್ಲಿ ಗುಂಡಿ ತೋಡಿ, ದಪ್ಪ ತಾಡಪತ್ರಿ ಹಾಸಿ, ಅದರಲ್ಲೇ ತೊಳೆಸಿ. ಮೇಲಿನ ತಿಳಿನೀರಿನಲ್ಲಿ ಮರುದಿನ ಪುಟ್ಟಿ, ಸಲಿಕೆ ತೊಳೆಯಬಹುದು. ಗೌಂಡಿಗಳು ಬರಿಗಾಲಲ್ಲಿ ಅದರಲ್ಲಿ ನಿಲ್ಲದಿರಲಿ, ಚರ್ಮ ಸುಡುತ್ತದೆ. ತಳದ ಗಸಿ ಗಟ್ಟಿಯಾದ ಮೇಲೆ ಒಡೆದು ಕಟ್ಟಡದ ಕಸದ ಜೊತೆ ಸಾಗಿಸಿ.

ನವನಗರ: ನಮ್ಮದು ಸಣ್ಣ ಮಿಕ್ಸರ್ ಸರ್. ಎರಡೇ ಕೊಡ ನೀರು. ಗಟಾರಕ್ಕೆ ಬಿಡಬಹುದಲ್ಲ?

ಎಂಜಿನಿಯರ್: ಇಲ್ಲ. ಮೇಲೆ ಓದಿ.

ಕುಂದಗೋಳ ರಸ್ತೆ: ಎರೆಮಣ್ಣಿನ ಜಾಗ ಸರ್. ಬುನಾದಿ ಗುಂಡಿಯಲ್ಲಿ ಮಳೆನೀರು ನಿಂತು ಐದು ದಿನ ಆಯಿತು, ಇನ್ನೂ ಚಹಾದ ಹಾಗೇ ಇದೆ. ಯಾಕೆ ತಿಳಿಯಾಗುತ್ತಿಲ್ಲ?

ಎಂಜಿನಿಯರ್: ಉಸುಕು ನಿಮಿಷದಲ್ಲಿ ಕೂರುತ್ತದೆ. ಎರೆಮಣ್ಣಿನ ಕಣ ತೀರಾ ಸಣ್ಣದು, ಒಂದನ್ನೊಂದು ದೂರ ತಳ್ಳುತ್ತದೆ. ಪಟಿಕ ಹಾಕಿದರೆ ಕೂಡಿಕೊಂಡು ಕೂರುತ್ತದೆ. ಆದರೆ ಕಣ್ಣಳತೆಯಲ್ಲಿ ಸುರಿಯಬೇಡಿ. ಒಂದು ಲೀಟರ್ ನೀರಿಗೆ 10 ಗ್ರಾಂ ಪಟಿಕ ಕರಗಿಸಿ. ಗುಂಡಿಯ ನೀರನ್ನು ಒಂದೊಂದು ಲೀಟರಿನ ನಾಲ್ಕು ಬಾಟಲಿಗಳಲ್ಲಿ ಹಿಡಿದು, ಆ ಪಟಿಕದ ನೀರನ್ನು 5, 10, 15, 20 ಮಿಲಿ ಅಂತ ಹಾಕಿ. ಒಂದು ನಿಮಿಷ ಜೋರಾಗಿ, ಹತ್ತು ನಿಮಿಷ ಮೆಲ್ಲಗೆ ಅಲ್ಲಾಡಿಸಿ, ಅರ್ಧ ಗಂಟೆ ಬಿಡಿ. ಕಡಿಮೆ ಪಟಿಕದಲ್ಲಿ ಯಾವುದು ತಿಳಿಯಾಯಿತೋ ಅದೇ ಲೆಕ್ಕ. ಸಿಮೆಂಟ್ ನೀರು ಬೆರೆತಿದ್ದರೆ ಮೊದಲು ಪಿಎಚ್ ಇಳಿಸಬೇಕು, ಇಲ್ಲದಿದ್ದರೆ ಪಟಿಕ ಸುಮ್ನೆ ದಂಡ.

ಸಪ್ತಾಪುರ: ಪೈಲಿಂಗ್ ಗುಂಡಿ ಕುಸಿಯದ ಹಾಗೆ ತುಂಬುವ ಬೆಂಟೊನೈಟ್ ಜೇಡಿಮಣ್ಣಿನ ರಾಡಿ ಏನು ಮಾಡಬೇಕು ಸರ್?

ಗೋಕುಲ ರೋಡ್ ಸೂಪರ್‌ವೈಸರ್: ಸರ್, ನಮ್ಮದು ಹಳೆ ಗ್ಯಾರೇಜ್ ಪಕ್ಕದ ಪ್ಲಾಟು. ಬೇಸ್‌ಮೆಂಟಿಗೆ ಹತ್ತಡಿ ಅಗೆದಿದ್ದೇವೆ. ಮೂರಡಿ ನೀರು ನಿಂತಿದೆ, ಮೇಲೆ ನವಿಲುಗರಿ ಬಣ್ಣದ ಪೊರೆ. ಪಂಪ್ ಹಚ್ಚಿ ಹಿಂದಿನ ಖಾಲಿ ಜಾಗಕ್ಕೆ ಬಿಡುತ್ತಿದ್ದೇವೆ. ನಡೆಯುತ್ತಾ?

ಎಂಜಿನಿಯರ್: ಪಂಪ್ ಬಂದ್ ಮಾಡಿಸಿ. ಗುಂಡಿಯಲ್ಲಿದ್ದವರನ್ನು ಮೇಲೆ ಕರೆಯಿರಿ. ಆಮೇಲೆ ಉದ್ದ ಕೋಲು ತಂದು ಮೇಲಿಂದಲೇ ಆ ಪೊರೆ ಚುಚ್ಚಿ. ಹಪ್ಪಳದ ಹಾಗೆ ಒಡೆದು ಚೂರುಗಳು ದೂರ ದೂರ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ, ಅಂಜಬೇಡಿ. ಸುತ್ತಿ ಬಂದು ಮತ್ತೆ ಕೂಡಿಕೊಂಡರೆ ಎಣ್ಣೆ. ನೋಡಿ ಹೇಳಿ, ಕಾಯುತ್ತಿದ್ದೇನೆ.

ಫಾರ್ವರ್ಡ್ ಆಗಿದೆ: ಯಾವುದೇ ಕೊಳಕು ನೀರಿಗೆ ಸುಣ್ಣ, ನುಗ್ಗೆ ಬೀಜದ ಪುಡಿ, ಬೆಲ್ಲ ಹಾಕಿ. ಒಂದೇ ರಾತ್ರಿಯಲ್ಲಿ ಶುದ್ಧ! ಎಲ್ಲರಿಗೂ ಹಂಚಿ.

ಎಂಜಿನಿಯರ್: ಸಿಮೆಂಟ್ ನೀರಿನಲ್ಲಿ ಸುಣ್ಣ ಜಾಸ್ತಿಯಾಗಿರುವುದೇ ರೋಗ, ಅದಕ್ಕೆ ಔಷಧಿಯೂ ಸುಣ್ಣವಾ? ನುಗ್ಗೆ ಬೀಜ ಕೆಸರು ಇಳಿಸುತ್ತದೆ ನಿಜ, ಎಣ್ಣೆಯನ್ನೂ ಪಿಎಚ್ಚನ್ನೂ ಅಲ್ಲ. ಬೆಲ್ಲ ಚಹಾಕ್ಕೆ ಇಟ್ಟುಕೊಳ್ಳಿ.

ನವನಗರ: ಹಂಗಾದರೆ ಬಾತ್‌ರೂಮ್ ಆಸಿಡ್ ಸುರಿದರೆ ಪಿಎಚ್ ಇಳಿಯುತ್ತಲ್ಲ ಸರ್?

ಎಂಜಿನಿಯರ್: ಇಳಿಯುತ್ತದೆ, 7 ದಾಟಿ 2ಕ್ಕೂ ಇಳಿಯುತ್ತದೆ. ಅಳತೆ ಇಲ್ಲದೆ ಕೈ ಹಾಕಬೇಡಿ. ಬ್ಲೀಚಿಂಗ್ ಪೌಡರ್ ತಾಗಿದರೆ ವಿಷದ ಕ್ಲೋರಿನ್ ಏಳುತ್ತದೆ. ದೊಡ್ಡ ಸೈಟುಗಳಲ್ಲಿ ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ, ಅದು ಅಷ್ಟು ಕೆಳಗೆ ಜಾರುವುದಿಲ್ಲ. ನಿಮ್ಮ ಎರಡು ಕೊಡಕ್ಕೆ ತಾಡಪತ್ರಿ ಸಾಕು.

ಉಣಕಲ್: ಇದನ್ನೆಲ್ಲ ಯಾರು ಪಾಲಿಸುತ್ತಾರ್ರೀ? ನಮ್ಮ ಓಣಿಯ ಗಟಾರದಲ್ಲಿ ಸಿಮೆಂಟ್ ಹೆಪ್ಪುಗಟ್ಟಿ ಮೊಣಕಾಲಷ್ಟು ನಿಂತಿದೆ. ಮಳೆ ಬಂದರೆ ನೀರು ಪಡಸಾಲೆಗೆ.

ಗುತ್ತಿಗೆದಾರ: ಊರಿನ ಹೊಲಸೆಲ್ಲ ನಾಲಾಕ್ಕೆ ಹೋಗುತ್ತದೆ. ಅದನ್ನು ಬಿಟ್ಟು ನಮ್ಮ ಎರಡು ಬಕೆಟ್ ಕಾಣುತ್ತದೆ ಎಲ್ಲರಿಗೂ.

ಉಣಕಲ್: ನಾಲಾ ಬೆಣ್ಣಿಹಳ್ಳಕ್ಕೆ, ಬೆಣ್ಣಿಹಳ್ಳ ಮಲಪ್ರಭೆಗೆ. ನವಲಗುಂದದ ಕಡೆ ನಮ್ಮ ಮಾವನವರ ಹೊಲ ಹಳ್ಳದ ದಂಡೆಗೇ ಇದೆ. ಬಂದು ಮೂಸಿ ನೋಡಿ.

ಸಪ್ತಾಪುರ: ನಮ್ಮ ಧಾರವಾಡದಲ್ಲಿ ಇಷ್ಟು ಅಧ್ವಾನ ಇಲ್ಲಪ್ಪ.

ಗುತ್ತಿಗೆದಾರ: ಹೌದ್ರೀ, ನಿಮ್ಮ ಗಟಾರದಲ್ಲಿ ಬರೀ ಫೇಡಾ ತೊಳೆದ ನೀರು ಹರಿಯುತ್ತದೆ.

ಸಪ್ತಾಪುರ: ಮಾತು ನೋಡಿ ಆಡಿ. ಬೆಂಟೊನೈಟ್ ಕೇಳಿದ್ದೆ, ಉತ್ತರವೇ ಇಲ್ಲ.

ಗೋಕುಲ ರೋಡ್ ಸೂಪರ್‌ವೈಸರ್: ಸರ್, ಕೂಡಿಕೊಂಡಿತು. ಕೋಲಿನ ತುದಿ ಡೀಸೆಲ್ ವಾಸನೆ. ಬೆಳಗ್ಗೆ ಇಬ್ಬರಿಗೆ ತಲೆ ಸುತ್ತಿತ್ತು, ನಾಷ್ಟಾ ಮಾಡಿಲ್ಲ ಅಂತ ನಾನೇ ಬೈದಿದ್ದೆ.

ಎಂಜಿನಿಯರ್: ಅದು ಹಸಿವಲ್ಲ. ಇಬ್ಬರನ್ನೂ ಈಗಲೇ ಡಾಕ್ಟರಿಗೆ ತೋರಿಸಿ, ಎಲ್ಲಿ ಕೆಲಸ ಮಾಡುತ್ತಿದ್ದರು ಅಂತಲೂ ಹೇಳಿ. ಇಂಧನದ ಆವಿ ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂರುತ್ತದೆ. ಹತ್ತಡಿ ಗುಂಡಿ ಅಂದರೆ ಅದಕ್ಕೆ ಪಾತ್ರೆ ಇಟ್ಟ ಹಾಗೆ. ಡೀಸೆಲ್ ಜೊತೆ ಪೆಟ್ರೋಲೂ ಇದ್ದರೆ ಮೋಟರಿನ ಒಂದು ಕಿಡಿ ಸಾಕು. ಗಾಳಿ ಅಳೆಯದೆ ಯಾರೂ ಇಳಿಯಬಾರದು.

ಪಂಪ್ ಯಾಕೆ ಬೇಡ ಅಂದೆ ಗೊತ್ತಾ? ಮೇಲೆ ತೇಲುವ ಎಣ್ಣೆಯನ್ನು ಪಂಪು ಮಜ್ಜಿಗೆ ಕಡೆದ ಹಾಗೆ ನೀರಿಗೆ ಕಡೆದುಬಿಡುತ್ತದೆ. ಆಮೇಲೆ ಬೇರೆ ಮಾಡುವುದು ಕಷ್ಟ. ಎಣ್ಣೆಯನ್ನು ಮೊದಲು ಮೇಲಿಂದ ತೆಗೆದು ಮುಚ್ಚಳದ ಡ್ರಮ್ಮಿಗೆ ತುಂಬಬೇಕು. ನೀರನ್ನು ತಳದಿಂದ ನಿಧಾನ ಎತ್ತಿ ಮೂರು ಖಾನೆಯ ತೊಟ್ಟಿಗೆ ಬಿಡಬೇಕು. ಪ್ರತಿ ಗೋಡೆಯ ಕೆಳಗಿಂದ ನೀರು ದಾಟುತ್ತದೆ, ಎಣ್ಣೆ ಮೇಲೆ ಉಳಿಯುತ್ತದೆ. ಕೊನೆಗೆ ಇದ್ದಿಲ ಫಿಲ್ಟರು, ಯಾಕೆಂದರೆ ಇಂಧನದಲ್ಲಿನ ಬೆಂಜೀನ್ ಥರದ ವಿಷ ನೀರಿನಲ್ಲಿ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಳ್ಳಕ್ಕೆ ಬಿಡಲು ಲೀಟರಿಗೆ 10 ಮಿಗ್ರಾಂ ಎಣ್ಣೆ ಮಿತಿ, ಒಳಚರಂಡಿಗೆ 20. ಪರೀಕ್ಷೆಗೆ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ, ಪ್ಲಾಸ್ಟಿಕ್ಕಿಗೆ ಎಣ್ಣೆ ಅಂಟುತ್ತದೆ. ಡ್ರಮ್ಮಿನ ಎಣ್ಣೆ ಅಪಾಯಕಾರಿ ತ್ಯಾಜ್ಯ, ಲೈಸೆನ್ಸ್ ಇದ್ದವರಿಗೇ ಕೊಡಬೇಕು. ಅಗೆದ ಮಣ್ಣನ್ನೂ ಯಾರಿಗೂ ಮಾರಬೇಡಿ. ಖಾಲಿ ಜಾಗಕ್ಕೆ ಎಷ್ಟು ಹೊತ್ತು ಬಿಟ್ಟಿದ್ದೀರಿ? ಅಲ್ಲಿ ಹತ್ತಿರ ಬೋರ್ ಇದೆಯಾ?

ಗೋಕುಲ ರೋಡ್ ಸೂಪರ್‌ವೈಸರ್: ಎರಡು ತಾಸು ಸರ್. ಬೋರ್ ಇದೆ, ಆಚೆ ಮನೆಯವರದು.

ಎಂಜಿನಿಯರ್: ಅವರಿಗೆ ಈಗಲೇ ಹೋಗಿ ಹೇಳಿ, ಪರೀಕ್ಷೆ ಆಗುವವರೆಗೆ ಆ ನೀರು ಕುಡಿಯಬಾರದು. ಮಾಲಿಕರಿಗೆ ಹೇಳಿ ಮಾಲಿನ್ಯ ನಿಯಂತ್ರಣ ಮಂಡಳಿಗೂ ತಿಳಿಸಿ.

ಗೋಕುಲ ರೋಡ್ ಸೂಪರ್‌ವೈಸರ್: ಮಾಲಿಕರು ಸುದ್ದಿ ಮಾಡಬೇಡ ಅಂತಿದ್ದಾರೆ ಸರ್.

ಗುತ್ತಿಗೆದಾರ: ಸರಿಯಾಗೇ ಹೇಳಿದ್ದಾರೆ. ಒಂದು ಸಲ ಬರೆದುಕೊಟ್ಟರೆ ಕೆಲಸ ಆರು ತಿಂಗಳು ನಿಂತಂಗೇ.

ಉಣಕಲ್: ನಿಮ್ಮ ಮನೆ ಬೋರ್ ಆಗಿದ್ದರೆ ಹಿಂಗೆ ಮಾತಾಡುತ್ತಿದ್ದಿರಾ?

ಅಡ್ಮಿನ್: ಇಬ್ಬರೂ ಸುಮ್ಮನಿರಿ. ಇಲ್ಲ ಅಂದರೆ ತೆಗೆದುಹಾಕುತ್ತೇನೆ.

ಹೊಸ ಸದಸ್ಯ: ನಮಸ್ತೆ ಸರ್, ಮಿಕ್ಸರ್ ತೊಳೆದ ನೀರು ಗಟಾರಕ್ಕೆ

ಎಂಜಿನಿಯರ್: ಇಲ್ಲ! ಸೂಪರ್‌ವೈಸರ್, ಬೋರಿನ ಮನೆಗೆ ಹೋದಿರಾ?

ಗೋಕುಲ ರೋಡ್ ಸೂಪರ್‌ವೈಸರ್: ಅವರ ಗೇಟಿನ ಮುಂದೆ ನಿಂತಿದ್ದೇನೆ ಸರ್. ಅಕ್ಕಾರು ಕೊಡ ತುಂಬಿಸುತ್ತಿದ್ದಾರೆ.

ಎಂಜಿನಿಯರ್: ಫೋನ್ ಅವರ ಕೈಗೆ ಕೊಡಿ, ನಾನೇ ಮಾತಾಡುತ್ತೇನೆ.