ಕಪ್ಪು ಜನರ ಮ್ಯೂಸಿಯಂಗೆ ಸರ್ಕಾರದ ದುಡ್ಡು ಯಾಕೆ?

ಮೇರಿಲ್ಯಾಂಡ್ ಕನ್ನಡಿಗ: ಊರಿಂದ ಬಂದ ಅಪ್ಪ ಅಮ್ಮನನ್ನು ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಎಮೆಟ್ ಟಿಲ್‌ನ ಶವಪೆಟ್ಟಿಗೆ ಇದೆ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಬಿಳಿಯರು ಕೊಂದರಲ್ಲ, ಆ 14 ವರ್ಷದ ಕಪ್ಪು ಹುಡುಗ. ಹೊರಗೆ ಬಂದ ಮೇಲೆ ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಪ್ರವೇಶಕ್ಕೆ ದುಡ್ಡಿಲ್ಲ. ಆದರೆ 2025ರ ಮಾರ್ಚ್‌ನಲ್ಲಿ ಟ್ರಂಪ್ ಹೊರಡಿಸಿದ ಆದೇಶದಲ್ಲಿ ಈ ಮ್ಯೂಸಿಯಂ ಹೆಸರೆತ್ತಿ ದೂರಿದ್ದಾರೆ. ಜನರನ್ನು ಒಡೆಯುವ ಪ್ರದರ್ಶನಗಳಿಗೆ ಹಣ ಕೊಡಬಾರದಂತೆ. ನೀವೇನು ಹೇಳುತ್ತೀರಿ?

ತೆರಿಗೆದಾರ: ಮ್ಯೂಸಿಯಂ ಬೇಡ ಅನ್ನುತ್ತಿಲ್ಲ. ಆದರೆ ಕಟ್ಟಿದ್ದಕ್ಕೆ 54 ಕೋಟಿ ಡಾಲರ್ ಆಯಿತು, ಅರ್ಧ ಸರ್ಕಾರದ್ದು. ಟಿವಿಯ ಓಪ್ರಾ ವಿನ್‌ಫ್ರೇ ಒಬ್ಬರೇ 2 ಕೋಟಿ ಡಾಲರ್‌ಗಿಂತ ಜಾಸ್ತಿ ಕೊಟ್ಟಿದ್ದಾರೆ. ಅಂಥವರಿರುವಾಗ ತೆರಿಗೆ ಹಣ ಯಾಕೆ? ಅಲಬಾಮಾದ ಮಾಂಟ್ಗೊಮರಿಯಲ್ಲಿ, ಗುಂಪುಗಳು ನೇಣು ಹಾಕಿ ಕೊಂದ ಕಪ್ಪು ಜನರ ಸ್ಮಾರಕ 2018ರಲ್ಲಿ ಖಾಸಗಿ ದೇಣಿಗೆಯಲ್ಲೇ ಎದ್ದಿತು.

ಹಿಂದಿನ ಬೆಂಚು: ಆ ತೆರಿಗೆ ಕಪ್ಪು ಜನರೂ ಕಟ್ಟುತ್ತಾರೆ ಅಲ್ವಾ? 1929ರಲ್ಲೇ ಇಂಥದ್ದೊಂದು ಕಟ್ಟಡಕ್ಕೆ ಕಾನೂನು ಆಗಿತ್ತು, ದುಡ್ಡು ಮಾತ್ರ ಬರಲಿಲ್ಲ. ಮತ್ತೆ ಕಾನೂನು ಆಗಿದ್ದು 2003ರಲ್ಲಿ, ಬಾಗಿಲು ತೆರೆದದ್ದು 2016ರಲ್ಲಿ. ಎಷ್ಟು ತಲೆಮಾರು ಸುಮ್ನೆ ಕಾದಿರಬೇಕು, ಲೆಕ್ಕ ಹಾಕಿ.

ಲೆಕ್ಕದವನು: ಒಂದು ಸಣ್ಣ ಮ್ಯೂಸಿಯಂನ ಲೆಕ್ಕ ಬರೆಯುತ್ತಿದ್ದೆ. ಕಟ್ಟಡದ ಮೇಲೆ ಹೆಸರು ಕೆತ್ತಿಸಲು ದಾನಿಗಳು ಸಿಗುತ್ತಾರೆ. ಕರೆಂಟ್ ಬಿಲ್ಲಿನ ಮೇಲೆ ಯಾರೂ ಹೆಸರು ಕೆತ್ತಿಸುವುದಿಲ್ಲ. ಮಿಲ್ವಾಕಿಯ ಕಥೆ ಕೇಳಿ. ಜೇಮ್ಸ್ ಕ್ಯಾಮರಾನ್ ಅಂತ ಒಬ್ಬರು. 1930ರಲ್ಲಿ, ಅವರಿಗೆ 16 ವರ್ಷ ಇದ್ದಾಗ, ಇಂಡಿಯಾನಾದ ಮೇರಿಯನ್‌ನಲ್ಲಿ ಬಿಳಿಯರ ಗುಂಪು ಅವರ ಇಬ್ಬರು ಜೊತೆಗಾರರನ್ನು ನೇಣು ಹಾಕಿತು. ಇವರು ಕೂದಲೆಳೆಯಲ್ಲಿ ಉಳಿದರು. 1988ರಲ್ಲಿ ಮಿಲ್ವಾಕಿಯಲ್ಲಿ ತಾವೇ ಕಪ್ಪು ಜನರ ಮ್ಯೂಸಿಯಂ ತೆರೆದರು. 2006ರಲ್ಲಿ ತೀರಿಕೊಂಡರು, 2008ರಲ್ಲಿ ದುಡ್ಡಿಲ್ಲದೆ ಬಾಗಿಲು ಮುಚ್ಚಿತು. ಮತ್ತೆ ತೆರೆದದ್ದು 2022ರಲ್ಲಿ. 14 ವರ್ಷ! ಸೌತ್ ಕ್ಯಾರೊಲಿನಾದ ಚಾರ್ಲ್‌ಸ್ಟನ್‌ನ ಹೊಸ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ 2023ರ ಜನವರಿಯಲ್ಲಿ ತೆರೆಯಬೇಕಿತ್ತು. ಒಳಗಿನ ತೇವ, ಸೆಕೆ ಹಿಡಿತಕ್ಕೆ ಬರದೆ ಜೂನ್‌ಗೆ ಹೋಯಿತು. ಖರ್ಚು ಇರುವುದೇ ಅಲ್ಲಿ, ಗಾಳಿಯಲ್ಲಿ.

ತೆರಿಗೆದಾರ: ಮಿಲ್ವಾಕಿಯದು ಗೊತ್ತಿರಲಿಲ್ಲ. ಆದರೂ ದುಡ್ಡು ಕೊಟ್ಟವನು ಗೋಡೆ ಮೇಲಿನ ಬರಹಕ್ಕೂ ಕೈ ಹಾಕುತ್ತಾನೆ. ಆ ಮಾರ್ಚ್ ಆದೇಶವೇ ಸಾಕ್ಷಿ.

ಲೆಕ್ಕದವನು: ದೊಡ್ಡ ದಾನಿ ಕೈ ಹಾಕುವುದಿಲ್ಲವಾ? ನಾನು ನೋಡಿದ್ದೇನೆ ಸ್ವಾಮಿ. ಒಬ್ಬನೇ ಯಜಮಾನ ಇರಬಾರದು, ಅಷ್ಟೇ. ಅದೇ 2003ರ ಕಾನೂನು ಸಣ್ಣ ಮ್ಯೂಸಿಯಂಗಳಿಗೂ ಅನುದಾನದ ದಾರಿ ಮಾಡಿತ್ತು. ಅದನ್ನು ಹಂಚುವ ಕಚೇರಿಯನ್ನೇ ಆದಷ್ಟು ಕುಗ್ಗಿಸಿ ಎಂಬ ಆದೇಶವೂ ಆ ಮಾರ್ಚ್‌ನಲ್ಲೇ ಬಂತು. ವಾಷಿಂಗ್ಟನ್ನಿನದು ಹೇಗೋ ಉಳಿಯುತ್ತದೆ. ಮಿಲ್ವಾಕಿಯಂಥವು?

ಯಲ್ಲಾಪುರ ಕಡೆಯವಳು: ನಡುವೆ ಬಾಯಿ ಹಾಕುತ್ತೇನೆ. ನಮ್ಮ ಕಡೆ ಸಿದ್ದಿಯರಿದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದವರು, ಗೋವಾದಿಂದ ತಪ್ಪಿಸಿಕೊಂಡು ಕಾಡು ಸೇರಿದವರು ಇವರ ಹಿರಿಯರಲ್ಲಿದ್ದಾರೆ. ಅವರ ಹೆಂಗಸರು ಹಳೇ ಸೀರೆ ತುಂಡುಗಳಲ್ಲಿ ಕವದಿ ಹೊಲಿಯುತ್ತಾರೆ. ನಮಗೆ ಗೊತ್ತಿದ್ದ ಒಬ್ಬ ಅಜ್ಜಿಯ ಕವದಿ ಅವರು ಹೋದ ಮೇಲೆ ಇಲಿ ಪಾಲಾಯಿತು. ವಾಷಿಂಗ್ಟನ್ ಮ್ಯೂಸಿಯಂ ಕೂಡ ಒಂದೂ ವಸ್ತು ಇಲ್ಲದೆ ಶುರುವಾದದ್ದು. ಊರೂರಿಗೆ ಹೋಗಿ ಜನರ ಅಟ್ಟದಲ್ಲಿದ್ದದ್ದನ್ನು ತರಿಸಿ ನೋಡಿದರು. ಇಲ್ಲಿ ಅಟ್ಟ ಹತ್ತುವವರು ಯಾರು?

ತೆರಿಗೆದಾರ: ನಿಮಗೆ ಎಷ್ಟು ಬೇಕಾಗಬಹುದು?

ಯಲ್ಲಾಪುರ ಕಡೆಯವಳು: ಮೊದಲಿಗೆ ಒಂದು ಕೋಣೆ. ಸೋರಬಾರದು. ನಮ್ಮ ಕಡೆ ಮಳೆಗಾಲ ಗೊತ್ತಲ್ಲ.