ಮೈಸೂರಿನಲ್ಲಿದ್ದುಕೊಂಡೇ ಬೇರೆ ದೇಶಗಳ ಸಂಸ್ಕೃತಿ ನೋಡುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಸರಸ್ವತಿಪುರಂನಿಂದ:

ನನಗೂ ಪಿಯುಸಿ ಓದುತ್ತಿರುವ ನನ್ನ ಮಗಳಿಗೂ ಬೇರೆ ದೇಶಗಳ ಹಬ್ಬ, ಹಾಡು, ಊಟ, ಸಿನಿಮಾ ಎಂದರೆ ತುಂಬಾ ಆಸೆ. ವಿದೇಶ ಪ್ರವಾಸ ಸದ್ಯಕ್ಕೆ ಕೈಗೆಟುಕುವುದಿಲ್ಲ. ದೆಹಲಿಯಲ್ಲಿರುವ ನೆಂಟರು ರಾಯಭಾರ ಕಚೇರಿಗಳ ಕಾರ್ಯಕ್ರಮಗಳಿಗೆ ಆಗಾಗ ಹೋಗುತ್ತಾರಂತೆ. ಮೈಸೂರಿನವರಿಗೆ ಅಂಥ ದಾರಿ ಇದೆಯಾ? ಹೋಗಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಿ.

ಕುವೆಂಪುನಗರದಿಂದ:

ಇದೆ, ಖಂಡಿತ ಇದೆ. ನಾನು ಕೆಲವು ವರ್ಷಗಳಿಂದ ಹೋಗುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ರಾಯಭಾರ ಕಚೇರಿಗಳು ಇರುವುದು ದೆಹಲಿಯಲ್ಲಿ. ಆದರೆ ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್, ಸ್ವಿಟ್ಜರ್ಲೆಂಡ್‌ನಂಥ ದೇಶಗಳ ಕಾನ್ಸುಲೇಟ್‌ಗಳು ಬೆಂಗಳೂರಿನಲ್ಲೇ ಇವೆ. ಆ ದೇಶಗಳ ರಾಷ್ಟ್ರೀಯ ದಿನದ ಔತಣಕ್ಕೆ ಸಾಮಾನ್ಯವಾಗಿ ಆಹ್ವಾನ ಬೇಕು. ಅಧಿಕಾರಿಗಳು, ಉದ್ಯಮಿಗಳು, ಕಲಾವಿದರು ಸೇರುವ ಕೂಟ ಅದು. ಅದರ ಹಿಂದೆ ಬೀಳಬೇಡಿ. ಜನರಿಗಾಗಿ ನಡೆಯುವ ಕಾರ್ಯಕ್ರಮಗಳು ಜಾಸ್ತಿ ಸಿಗುವುದು ಸಾಂಸ್ಕೃತಿಕ ಸಂಸ್ಥೆಗಳಲ್ಲಿ. ಜರ್ಮನಿಗೆ ಗೋಥೆ ಇನ್‌ಸ್ಟಿಟ್ಯೂಟ್ ಇದೆ. ನಮ್ಮಲ್ಲಿ ಅದನ್ನು ಮ್ಯಾಕ್ಸ್ ಮುಲ್ಲರ್ ಭವನ ಅಂತಲೇ ಕರೆಯುತ್ತಾರೆ, ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿದೆ. ಫ್ರಾನ್ಸ್‌ಗೆ ಸಂಬಂಧಿಸಿದ್ದು ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್. ಸಿನಿಮಾ, ಚಿತ್ರಪ್ರದರ್ಶನ, ಸಂಗೀತ, ನಾಟಕ ನಡೆಯುತ್ತಲೇ ಇರುತ್ತವೆ. ಎಷ್ಟೋ ಕಾರ್ಯಕ್ರಮಗಳಿಗೆ ಟಿಕೆಟ್ಟೇ ಇರುವುದಿಲ್ಲ. ಎರಡೂ ಕಡೆಯ ಇಮೇಲ್ ಪಟ್ಟಿಗೆ ಇವತ್ತೇ ನಿಮ್ಮ ಹೆಸರು ಸೇರಿಸಿ. ಕಾರ್ಯಕ್ರಮದ ಸುದ್ದಿ ಪತ್ರಿಕೆಯಲ್ಲಿ ಬರುವ ಹೊತ್ತಿಗೆ ಸೀಟು ತುಂಬಿರುತ್ತದೆ.

ಶುರು ಮಾಡಲು ಜೂನ್ 21 ಒಳ್ಳೆಯ ದಿನ. ಅವತ್ತು ‘ಫೆತ್ ದ ಲಾ ಮ್ಯುಸಿಕ್’, ಅಂದರೆ ಸಂಗೀತದ ಹಬ್ಬ. 1982ರಲ್ಲಿ ಫ್ರಾನ್ಸಿನಲ್ಲಿ ಶುರುವಾಯಿತು. ವೃತ್ತಿಯವರು, ಹವ್ಯಾಸಿಗಳು ಎಂಬ ಭೇದವಿಲ್ಲದೆ ಎಲ್ಲರೂ ಬೀದಿಗೆ ಬಂದು ಹಾಡಬೇಕು, ಕೇಳುವವರಿಗೆ ಖರ್ಚಿರಬಾರದು ಎಂಬುದು ಅದರ ಉದ್ದೇಶ. ಬೆಂಗಳೂರಿನ ಅಲಿಯಾನ್ಸ್ ಕೂಡ ಅದನ್ನು ಆಚರಿಸುತ್ತದೆ. ಭಾಷೆ ಬರದಿದ್ದರೂ ತೊಂದರೆಯಿಲ್ಲ.

ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು ಜಪಾನ್ ಹಬ್ಬ. ಹೌದು, ಹೆಸರೇ ಅದು. 2005ರಿಂದ ಬೆಂಗಳೂರಿನಲ್ಲಿ ನಡೆದುಕೊಂಡು ಬಂದಿದೆ, ಜಪಾನ್ ಕಾನ್ಸುಲೇಟ್ ಕೂಡ ಅದರ ಹಿಂದೆ ನಿಂತಿದೆ. ಕಾಗದ ಮಡಿಸಿ ಒರಿಗಾಮಿ ಮಾಡುವುದನ್ನು ಹೇಳಿಕೊಡುತ್ತಾರೆ, ಯುಕಾತಾ ಎಂಬ ತೆಳು ಹತ್ತಿಯ ಜಪಾನಿ ಉಡುಪು ಉಡಿಸುತ್ತಾರೆ, ನಮ್ಮ ಹುಡುಗ ಹುಡುಗಿಯರು ವೇದಿಕೆ ಹತ್ತಿ ಜಪಾನಿ ಹಾಡು ಹೇಳುತ್ತಾರೆ. ನಾನು ಹೋದಾಗ ಅಲ್ಲಿ ಜಪಾನಿನ ಒಬ್ಬ ಹಿರಿಯ ಮಹಿಳೆಯ ಜೊತೆ ಮಾತಿಗೆ ಕೂತೆ. ಮೈಸೂರಿನಿಂದ ಬಂದೆ ಎಂದು ನಮ್ಮ ದಸರಾ ಬೊಂಬೆಗಳ ಫೋಟೋ ತೋರಿಸಿದೆ. ಅವರು ಕಣ್ಣರಳಿಸಿ ತಮ್ಮ ಫೋನ್ ತೆಗೆದರು. ಅದರಲ್ಲಿ ಮಾರ್ಚ್ 3ರ ಹಿನಾಮತ್ಸುರಿ ಹಬ್ಬದ ಚಿತ್ರ! ಕೆಂಪು ಬಟ್ಟೆ ಹಾಸಿದ ಮೆಟ್ಟಿಲು. ಎಲ್ಲಕ್ಕಿಂತ ಮೇಲೆ ಚಕ್ರವರ್ತಿ ಮತ್ತು ರಾಣಿಯ ಬೊಂಬೆ. ಕೆಳಗಿನ ಮೆಟ್ಟಿಲುಗಳಲ್ಲಿ ಪರಿಚಾರಿಕೆಯರು, ವಾದ್ಯದವರು, ಪುಟ್ಟ ಪುಟ್ಟ ಪಾತ್ರೆ ಪೆಟ್ಟಿಗೆ. ನಾವು ಪಟ್ಟದ ಬೊಂಬೆ ಕೂರಿಸುವ ಹಾಗೇ, ಅಲ್ವಾ? ಹೆಣ್ಣುಮಕ್ಕಳು ಸುಖವಾಗಿ ಬೆಳೆಯಲಿ ಎಂದು ಅವರು ಅದನ್ನು ಇಡುತ್ತಾರೆ. ಹಬ್ಬ ಮುಗಿದ ಕೂಡಲೇ ತೆಗೆದಿಡಬೇಕಂತೆ, ತಡವಾದರೆ ಮಗಳ ಮದುವೆ ತಡವಾಗುತ್ತದೆ ಎಂಬ ನಂಬಿಕೆ ಇದೆ. ನಾವು ವಿಜಯದಶಮಿ ರಾತ್ರಿ ಬೊಂಬೆ ಮಲಗಿಸುವುದನ್ನು ಹೇಳಿದಾಗ ಅವರಿಗೆ ಎಷ್ಟು ಖುಷಿಯಾಯಿತು ಗೊತ್ತಾ! ವೇದಿಕೆಯ ಮೇಲೆ ಏನು ನಡೆಯುತ್ತಿತ್ತೋ ನಮ್ಮಿಬ್ಬರಿಗೂ ಗೊತ್ತಿಲ್ಲ.

ಅದಕ್ಕೇ ಹೇಳುತ್ತೇನೆ, ಸುಮ್ನೆ ನೋಡಿಕೊಂಡು ಬರಬೇಡಿ. ನಿಮ್ಮ ಮನೆಯ ಒಂದು ಆಚರಣೆಯನ್ನಾದರೂ ಚೆನ್ನಾಗಿ ವಿವರಿಸುವಷ್ಟು ತಯಾರಾಗಿ ಹೋಗಿ. ನಾವು ಹೇಳಿದರೆ ಅವರೂ ಮನಸ್ಸು ಬಿಚ್ಚಿ ಹೇಳುತ್ತಾರೆ. ಇನ್ನೊಂದು ಮಾತು: ಪ್ರತಿ ಸಲ ಹೊಸ ದೇಶ ಹುಡುಕುವ ಬದಲು ಒಂದು ವರ್ಷ ಒಂದೇ ಜಾಗಕ್ಕೆ ಹೋಗಿ. ಎರಡನೇ ಸಲ ಮುಖ ಗುರುತು ಸಿಗುತ್ತದೆ, ಆಮೇಲೆ ಅವರೇ ಕರೆದು ಮಾತಾಡಿಸುತ್ತಾರೆ. ಸಿನಿಮಾ ಮುಗಿದ ಮೇಲಿನ ಚರ್ಚೆಗೆ ಕೂತುಕೊಳ್ಳಿ. ಎಷ್ಟೋ ಸಲ ಸಿನಿಮಾಕ್ಕಿಂತ ಅದೇ ಚೆನ್ನಾಗಿರುತ್ತದೆ.

ಮಂಡ್ಯದಿಂದ:

ಮೇಲಿನವರು ಹೇಳಿದ್ದು ಸರಿ. ಓಡಾಟದ ಬಗ್ಗೆ ಮಾತ್ರ ನಾನು ಸೇರಿಸುತ್ತೇನೆ, ಏಕೆಂದರೆ ನಮ್ಮ ಕಡೆಯವರು ಹಿಂದೇಟು ಹಾಕುವುದೇ ಅಲ್ಲಿ. ಕೆಂಗೇರಿಯಲ್ಲಿ ಇಳಿದು ಮೆಟ್ರೊ ಹತ್ತಿದರೆ ನೇರಳೆ ಮಾರ್ಗದಲ್ಲೇ ಇಂದಿರಾನಗರದವರೆಗೆ ಹೋಗಬಹುದು, ಎಲ್ಲೂ ಬದಲಾಯಿಸಬೇಕಿಲ್ಲ. ಅಲಿಯಾನ್ಸ್‌ಗೆ ವಿಧಾನಸೌಧ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಿರಿ. ಹೆಚ್ಚಿನ ಕಾರ್ಯಕ್ರಮಗಳು ಸಂಜೆ ಶುರುವಾಗುತ್ತವೆ, ಮುಗಿದಾಗ ಕತ್ತಲಾಗಿರುತ್ತದೆ. ವಾಪಸ್ ಬರುವಾಗ ರೈಲಿನ ಆಸೆ ಬಿಟ್ಟು ದೀಪಾಂಜಲಿನಗರಕ್ಕೆ ಮೆಟ್ರೊದಲ್ಲಿ ಬನ್ನಿ. ಹತ್ತಿರದಲ್ಲೇ ಸ್ಯಾಟಲೈಟ್ ಬಸ್ ನಿಲ್ದಾಣ. ಮೈಸೂರು ಬಸ್ಸು ತಡರಾತ್ರಿಯಲ್ಲೂ ಸಿಗುತ್ತದೆ. ಮಗಳನ್ನು ಕರೆದುಕೊಂಡು ಹೋಗುತ್ತೀರಲ್ಲ, ಶನಿವಾರ ಭಾನುವಾರದ ಹಗಲು ಕಾರ್ಯಕ್ರಮ ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಗುರುತಿನ ಚೀಟಿ ಮರೆಯಬೇಡಿ. ಕಾನ್ಸುಲೇಟ್ ಒಳಗೆ ನಡೆಯುವ ಕಾರ್ಯಕ್ರಮವಾದರೆ ಮೊದಲೇ ನೋಂದಾಯಿಸಬೇಕು, ದೊಡ್ಡ ಬ್ಯಾಗನ್ನು ಒಳಗೆ ಬಿಡದಿರಬಹುದು.

ಪಿರಿಯಾಪಟ್ಟಣದಿಂದ:

ಎಲ್ಲರೂ ಬೆಂಗಳೂರು ಬೆಂಗಳೂರು ಅನ್ನುತ್ತಿದ್ದೀರಿ. ನಮ್ಮ ಮೈಸೂರು ಜಿಲ್ಲೆಯಲ್ಲೇ ಬೈಲಕುಪ್ಪೆ ಇದೆಯಲ್ಲ! ಟಿಬೆಟಿನಿಂದ ಬಂದವರಿಗೆ ನಮ್ಮ ರಾಜ್ಯ ಜಾಗ ಕೊಟ್ಟು, 1961ರಲ್ಲಿ ಶುರುವಾದ ಊರು ಅದು. ಜನ ಗೋಲ್ಡನ್ ಟೆಂಪಲ್ ಮುಂದೆ ಫೋಟೋ ತೆಗೆಸಿಕೊಂಡು, ಮೊಮೊ ತಿಂದು, ಹಾಗೇ ಮಡಿಕೇರಿ ಕಡೆ ಹೊರಟುಬಿಡುತ್ತಾರೆ. ನನಗೆ ಇದು ನಿಜವಾಗಲೂ ಬೇಜಾರು.

ನೀವು ಲೊಸಾರ್ ಸಮಯದಲ್ಲಿ ಬನ್ನಿ. ಅದು ಅವರ ಹೊಸ ವರ್ಷ, ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಬರುತ್ತದೆ. ಚಾಂದ್ರಮಾನದ ಲೆಕ್ಕವಾದ್ದರಿಂದ ತಾರೀಖು ಪ್ರತಿ ವರ್ಷ ಬದಲಾಗುತ್ತದೆ, ವಿಚಾರಿಸಿಕೊಂಡು ಹೊರಡಿ. ಹಬ್ಬಕ್ಕೆ ಮುಂಚೆ, ಆ ಗೋಲ್ಡನ್ ಟೆಂಪಲ್ ಇರುವ ನಮ್‌ಡ್ರೋಲಿಂಗ್ ಮಠದಲ್ಲಿ ಭಿಕ್ಷುಗಳು ಮುಖವಾಡ ಹಾಕಿ ಛಾಮ್ ಕುಣಿಯುತ್ತಾರೆ. ಹಳೆಯ ವರ್ಷದ ಕೆಡುಕನ್ನು ಓಡಿಸುವ ಕುಣಿತ ಅದು. ಉದ್ದನೆಯ ಕಹಳೆಗಳ ದನಿ ಎದೆಗೇ ಬಂದು ತಾಗುತ್ತದೆ. ಮನೆಗಳಲ್ಲಿ ಗುಥುಕ್ ಎಂಬ ಸಾರು ಮಾಡುತ್ತಾರೆ. ಅದರ ಹಿಟ್ಟಿನ ಉಂಡೆಗಳೊಳಗೆ ಏನಾದರೂ ಅಡಗಿಸಿರುತ್ತಾರೆ. ಮೆಣಸಿನಕಾಯಿ ಸಿಕ್ಕವರು ವಾಚಾಳಿ, ಉಣ್ಣೆ ಸಿಕ್ಕವರು ಮೃದು ಮನಸ್ಸಿನವರು, ಇದ್ದಿಲು ಸಿಕ್ಕವರದು ಕಪ್ಪು ಮನಸ್ಸು! ಮನೆಯವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಯಾರಾದರೂ ಹಬ್ಬದ ದಿನ ಚೆಮಾರ್, ಅಂದರೆ ಬೆಣ್ಣೆ ಬೆರೆಸಿದ ಹುರಿದ ಬಾರ್ಲಿ ಹಿಟ್ಟು, ಮುಂದೆ ಹಿಡಿದರೆ ಚಿಟಿಕೆ ಹಿಟ್ಟು ತೆಗೆದುಕೊಂಡು ಮೂರು ಸಲ ಗಾಳಿಗೆ ಹಾರಿಸಿ, ಸ್ವಲ್ಪ ಬಾಯಿಗೆ ಹಾಕಿಕೊಳ್ಳಿ. ಅಲ್ಲಿನ ಅನೇಕರಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಸಂಕೋಚ ಬೇಡ. ಪ್ರಾರ್ಥನೆ ನಡೆಯುವಾಗ ಭಿಕ್ಷುಗಳ ಮುಖಕ್ಕೆ ಫೋನ್ ಹಿಡಿಯುವುದು ಮಾತ್ರ ಬೇಡ. ವಿದೇಶಿ ಗೆಳೆಯರನ್ನು ರಾತ್ರಿ ಉಳಿಸಿಕೊಳ್ಳುವುದಾದರೆ ಅವರಿಗೆ ಸರ್ಕಾರದ ಅನುಮತಿ ಪತ್ರ ಬೇಕು. ನಮಗೆ ಬೇಕಿಲ್ಲ.

ಜಯಲಕ್ಷ್ಮೀಪುರಂನಿಂದ:

ಮಾನಸಗಂಗೋತ್ರಿಯನ್ನು ಮರೆಯಬೇಡಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಷ್ಟೊಂದು ದೇಶಗಳ ವಿದ್ಯಾರ್ಥಿಗಳು ಓದುತ್ತಾರೆ. ನಮ್ಮ ಮಹಡಿ ಮನೆಯಲ್ಲಿ ಇರಾನಿನ ದಂಪತಿ ಬಾಡಿಗೆಗೆ ಇದ್ದರು. ಮಾರ್ಚ್‌ನಲ್ಲಿ ನೌರೂಜ್‌ಗೆ ನಮ್ಮನ್ನು ಮೇಲಕ್ಕೆ ಕರೆದರು. ಸೇಬು, ಬೆಳ್ಳುಳ್ಳಿ, ವಿನಿಗರ್, ಮೊಳಕೆ ಬಂದ ಗೋಧಿಯ ಹಸಿರು ತಟ್ಟೆ, ಎಲ್ಲವನ್ನೂ ಚೆಂದವಾಗಿ ಜೋಡಿಸಿದ್ದರು. ಅವರ ಹೊಸ ವರ್ಷ ಹುಟ್ಟುವುದು ಸೂರ್ಯ ವಿಷುವಕ್ಕೆ (ಹಗಲು ರಾತ್ರಿ ಸಮವಾಗುವ ಬಿಂದುವಿಗೆ) ಬರುವ ಆ ಕ್ಷಣಕ್ಕೇ. ಅದು ಮಧ್ಯಾಹ್ನವೂ ಆಗಬಹುದು, ನಡುರಾತ್ರಿಯೂ ಆಗಬಹುದು. ಫೋನಿನಲ್ಲಿ ಮನೆಯವರ ಜೊತೆ ಸೆಕೆಂಡ್ ಎಣಿಸಿ, ಆ ಗಳಿಗೆ ಬಂದಾಗ ಆಕೆ ಅತ್ತರು. ನಮ್ಮ ಅತ್ತೆ ಅವರ ಕೈ ಹಿಡಿದುಕೊಂಡು ಕೂತಿದ್ದರು. ಯಾವ ಕಾರ್ಯಕ್ರಮದಲ್ಲೂ ಇಂಥದ್ದು ಸಿಗುವುದಿಲ್ಲ. ಆ ವಿದ್ಯಾರ್ಥಿಗಳು ಹಬ್ಬದ ದಿನ ರೂಮಿನಲ್ಲಿ ಒಂಟಿಯಾಗಿರುತ್ತಾರೆ. ಮೊದಲು ನೀವೇ ನಿಮ್ಮ ಮನೆಗೆ ಊಟಕ್ಕೆ ಕರೆಯಿರಿ.

ಸರಸ್ವತಿಪುರಂನಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೈಲಕುಪ್ಪೆ ಇಷ್ಟು ಹತ್ತಿರ ಇದ್ದೂ ಲೊಸಾರ್ ಬಗ್ಗೆ ನಮಗೆ ಗೊತ್ತೇ ಇರಲಿಲ್ಲ. ಮಗಳು ಈಗಲೇ ಬೆಂಗಳೂರಿನ ಎರಡೂ ಸಂಸ್ಥೆಗಳ ಇಮೇಲ್ ಪಟ್ಟಿಗೆ ಸೇರಿದಳು. ಜರ್ಮನ್ ಕಲಿಯುವ ಆಸೆಯೂ ಅವಳಿಗಿದೆ. ಮೈಸೂರಿನಿಂದ ವಾರಕ್ಕೊಮ್ಮೆ ಹೋಗಿ ಬರುವುದು ಕಷ್ಟವಾಗುತ್ತದಾ?

ಕುವೆಂಪುನಗರದಿಂದ:

ಪಿಯುಸಿ ಜೊತೆಗೆ ಓಡಾಟ ಕಷ್ಟವೇ. ಗೋಥೆಯವರದು ಆನ್‌ಲೈನ್ ತರಗತಿಯೂ ಇದೆ. ಮೊದಲ ಹಂತ ಎ1, ಅದಕ್ಕೆ ಮನೆಯಿಂದಲೇ ಸೇರಲಿ. ಕಾರ್ಯಕ್ರಮ ಇದ್ದ ದಿನ ಸ್ವಲ್ಪ ಬೇಗ ಹೋಗಿ, ಅವರ ಲೈಬ್ರರಿಯಲ್ಲಿ ಒಂದು ಗಂಟೆ ಕೂರಿಸಿ. ಮುಂದಿನ ಸಲ ನಾನು ಹೊರಡುವಾಗ ಇಲ್ಲೇ ತಿಳಿಸುತ್ತೇನೆ, ಒಟ್ಟಿಗೇ ಹೋಗೋಣ.